ಎರಡು ಎಳ್ಳು ಹೆಚ್ಚು ತಿಕ್ಕಿದ ಬ್ಲಾಕು

ನನ್ನ ಗಾಡಿ ಹೊಗೆ ಬಿಡುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಂದವರೆಲ್ಲ ಹೊಸ ಸುದ್ದಿ ತಂದವರ ಹಾಗೆ ಅದನ್ನೇ ನನಗೆ ಹೇಳುತ್ತಾರೆ. ಎರಡು ಸ್ಟ್ರೋಕಿನ ಮೋಟಾರ್ ಸೈಕಲ್ಲು ಅದು. ಪೆಟ್ರೋಲಿನ ಜೋಡಿ ಎಣ್ಣೆಯನ್ನೂ ಕುಡಿಯುತ್ತದೆ, ಕುಡಿದದ್ದರಲ್ಲಿ ಅಷ್ಟಿಷ್ಟನ್ನು ನೀಲಿ ಹೊಗೆ ಮಾಡಿ ಹಿಂದೆ ಬಿಡುತ್ತದೆ. ಕಬ್ಬು ಕಡಿದ ಮೇಲೆ ಉಳಿದ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿ ಊರಿಗೆ ಊರನ್ನೇ ಕೆಮ್ಮಿಸುವ ಮಂದಿ ನನ್ನ ಗಾಡಿ ಬಂತೆಂದರೆ ಧೋತರದ ಚುಂಗು ಮೂಗಿಗೆ ಹಿಡಿಯುತ್ತಾರೆ. ಹಿಡಿಯಲಿ. ಹೆಣ್ಣುಮಗಳು ಎಂಜಿನ್ ಬಿಚ್ಚುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದವರನ್ನೂ ನಾನು ಕಂಡಿದ್ದೇನೆ. ಮೂಗು ಹಿಡಿದವರು, ಬಾಯಿ ಹಿಡಿದವರು, ಇಬ್ಬರೂ ಆಮೇಲೆ ತಮ್ಮ ಗಾಡಿ ನೂಕಿಕೊಂಡು ನನ್ನ ಬಾಗಿಲಿಗೇ ಬಂದಿದ್ದಾರೆ.

ಆ ಬಾಗಿಲು ನನಗೆ ಹೇಗೆ ಸಿಕ್ಕಿತು ಎಂಬುದನ್ನೇ ಈಗ ಬರೆಯುತ್ತಿದ್ದೇನೆ.

ನನ್ನ ತವರು ಆಳಂದ. ಖಜೂರಿ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡು ನಮ್ಮಪ್ಪನ ತಗಡಿನ ಶೆಡ್ಡು ಇತ್ತು. ಶಾಲೆ ಬಿಟ್ಟ ಮೇಲೆ ನಾನು ಮನೆಗಿಂತ ಮೊದಲು ಶೆಡ್ಡಿಗೆ ಹೋಗುತ್ತಿದ್ದೆ. ಕಿಣ್ಣಿ ಸುಲ್ತಾನದಿಂದ ಹಾಲಿನವರು ಎರಡೂ ಕಡೆ ಕ್ಯಾನು ತೂಗಹಾಕಿಕೊಂಡು ಬರುತ್ತಿದ್ದರು. "ಸಾವ್ಕಾರ, ಗಾಡಿ ಜಗ್ಗವಲ್ದ್ರಿ" ಎನ್ನುತ್ತಿದ್ದರು. ಭಾರ ಜಗ್ಗದ ಗಾಡಿಯನ್ನು ಜಗ್ಗುವಂತೆ ಮಾಡುವುದರಲ್ಲಿ ಅಪ್ಪನಿಗೆ ಹೆಸರಿತ್ತು.

ಕೆಲಸ ಹೇಳಲು ಸರಳ. ಎರಡು ಸ್ಟ್ರೋಕಿನ ಬ್ಲಾಕಿನೊಳಗೆ, ಅಂದರೆ ಪಿಸ್ಟನ್ ಏರಿಳಿಯುವ ಆ ಕಬ್ಬಿಣದ ಕೊಳವೆಯ ಗೋಡೆಯಲ್ಲಿ, ಕಿಂಡಿಗಳಿರುತ್ತವೆ. ಪಿಸ್ಟನ್ ಕೆಳಗಿಳಿಯುವಾಗ ಹೊಗೆ ಹೋಗುವ ಕಿಂಡಿ ತೆರೆಯುತ್ತದೆ. ಆ ಕಿಂಡಿಯ ಮೇಲಂಚನ್ನು ಅರ ಹಾಕಿ ತುಸು ಮೇಲಕ್ಕೆ ತಿಕ್ಕಿದರೆ ಹೊಗೆ ಬೇಗ ಹೊರಬೀಳುತ್ತದೆ, ಎಂಜಿನ್ನಿಗೆ ಜೋರು ಬರುತ್ತದೆ. ಆದರೆ ತುಸು ಎಂದರೆ ತುಸುವೇ. ಹೆಚ್ಚಾದರೆ ಓಟ ಬರುತ್ತದೆ, ಎಳೆತ ಸಾಯುತ್ತದೆ. ಸಪಾಟು ರಸ್ತೆಯಲ್ಲಿ ಕುದುರೆ, ದಿಬ್ಬದ ಬುಡದಲ್ಲಿ ಕತ್ತೆ.

"ಲೋಹ ತೆಗಿಲಾಕ ಬರ್ತದ, ತಿರುಗಿ ಹಚ್ಚಲಾಕ ಬರಂಗಿಲ್ಲ," ಎನ್ನುತ್ತಿದ್ದ ಅಪ್ಪ. "ಮಾತಿನಂಗ. ಅದಕ್ಕ ತಿಕ್ಕೂಕಿಂತ ಮೊದಲ ಒಂದ ಬೀಡಿ ಸೇದಬೇಕು."

ನನಗೆ ಅವನು ಬೀಡಿ ಕಲಿಸಲಿಲ್ಲ, ಉಳಿದದ್ದನ್ನೆಲ್ಲ ಕಲಿಸಿದ. ಎಷ್ಟು ತಿಕ್ಕಬೇಕು ಎಂಬುದಕ್ಕೆ ಅವನ ಅಳತೆ ಒಂದೇ: ಒಂದು ಎಳ್ಳು. ಮನೆಯಿಂದ ಚೀಟಿಯಲ್ಲಿ ನಾಲ್ಕು ಕಾಳು ಎಳ್ಳು ಕಟ್ಟಿಕೊಂಡು ಬರುತ್ತಿದ್ದ. ಕಿಂಡಿಯ ಅಂಚಿನ ಮೇಲೆ ಒಂದು ಕಾಳು ಇಟ್ಟು, ಅದರ ತಲೆಯ ಮಟ್ಟಕ್ಕೆ ಸೂಜಿಯಿಂದ ಗೆರೆ ಎಳೆದು, ಗೆರೆಯವರೆಗೆ ತಿಕ್ಕುತ್ತಿದ್ದ. ಅಳತೆಯ ಸಾಮಾನು ಪೇಟೆಯಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಪೇಟೆಯ ಸಾಮಾನಿಗೆ ತುಕ್ಕು ಹಿಡಿಯುತ್ತದೆ, ಎಳ್ಳಿಗೆ ಹಿಡಿಯುವುದಿಲ್ಲ ಎಂಬುದು ಅವನ ವಾದ.

ನನ್ನ ಲಗ್ನವಾಗಿ ಗಂಡನ ಮನೆಗೆ ಹೊರಡುವ ದಿನ ಅವ್ವ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಬೇರು. ಗಂಟು ಕಟ್ಟುವುದಕ್ಕೆ ಮೊದಲು ಅಪ್ಪ ಹಳೆಯ ಬನಿಯನ್ನಿನ ಚಿಂದಿಯಲ್ಲಿ ಸುತ್ತಿದ ಒಂದು ದುಂಡನೆಯ ಅರ ತಂದು ಅದರೊಳಗೆ ಇಟ್ಟ.

"ಉಡಿಯಾಗ ಕಬ್ಬಿಣ ಇಡ್ತಾರೇನ್ರಿ?" ಅವ್ವ ಕೇಳಿದಳು.

"ಇದು ಉಕ್ಕು ಅದ. ಸುಮ್ಮನ ಕಟ್ಟು."

ಆ ಅರ ಹದಿನೈದು ವರ್ಷ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಗಂಡನ ಮನೆ ಅಫಜಲಪುರ ತಾಲೂಕು, ಹವಳಗಾದ ಬಾಜೂಕಿನ ಒಂದು ಸಣ್ಣ ಊರು. ನಮ್ಮ ಮನೆಯವರು ಸಕ್ಕರೆ ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವರು ದಿನವಿಡೀ ದೊಡ್ಡ ಯಂತ್ರ ಬಿಚ್ಚಿ ಬರುವವರು, ಮನೆಯಲ್ಲಿ ಸ್ಕ್ರೂಡ್ರೈವರ್ ಕಂಡರೂ ಮುಖ ತಿರುಗಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವನ ಗಾಡಿ, ಈಗ ಹೊಗೆ ಬಿಡುವ ಇದೇ ಗಾಡಿ, ನನ್ನ ಪಾಲಿಗೆ ಬಂತು. ತಮ್ಮಂದಿರಿಗೆ ಬೇಡವಾಗಿತ್ತು. ಆಳಂದದಿಂದ ನಮ್ಮ ಮನೆಯವರು ಅದನ್ನು ಹೊಡೆದುಕೊಂಡು ಹೊರಟರು, ನಾನು ಹಿಂದೆ ಕುಳಿತಿದ್ದೆ. ಅಫಜಲಪುರ ಹತ್ತಿರ ಬಂದಾಗ, "ಇದರ ಗೇರ್ ನಿಮ್ಮ ಮಾತ ಕೇಳವಲ್ದು, ಸರೀರಿ" ಎಂದು ನಾನೇ ಹ್ಯಾಂಡಲ್ ಹಿಡಿದೆ. ಊರೊಳಗೆ ಹಾಗೇ ಹೋದೆವು, ನಾನು ಮುಂದೆ, ಗಂಡ ಹಿಂದೆ. ಅವರು ನಾಚಿಕೊಳ್ಳಲಿಲ್ಲ. ಅದೊಂದಕ್ಕೆ ಅವರಿಗೆ ನನ್ನಲ್ಲಿ ಇವತ್ತಿಗೂ ರಿಯಾಯಿತಿ ಇದೆ.

ಅಂಗಳದ ಬೇವಿನ ಮರದ ಕೆಳಗೆ ಗಾಡಿ ಬಿಚ್ಚಿದೆ, ಕೂಡಿಸಿದೆ. ಕೈ ಮರೆತಿರಲಿಲ್ಲ. ಅದನ್ನು ನೋಡಿ ಓಣಿಯವರು ತಮ್ಮ ಮೊಪೆಡ್ಡು ತಂದರು, ಹೊಲಕ್ಕೆ ಔಷಧ ಹೊಡೆಯುವ ಪಂಪು ತಂದರು. ಬೇವಿನ ಬುಡವೆಲ್ಲ ಎಣ್ಣೆಯಾಯಿತು. ಆ ಬುಡ ನಮ್ಮ ಮಾವ ಕೂಡುವ ಜಾಗ.

ಒಂದು ಮುಂಜಾನೆ ಅವರು ನಿಂತುಕೊಂಡೇ ಚಹಾ ಕುಡಿದು ಹೇಳಿದರು: "ಇದನ್ನ ಭಂಗಾರದವಗ ಕೊಟ್ಟಬಿಡೂಣು. ಮಂದಿ ಮನಿಯಾಗ ಸೊಸಿ ಅಂಗಳಕ್ಕ ರಂಗೋಲಿ ಹಾಕ್ತಾಳ, ನಮ್ಮನಿಯಾಗ ಗ್ರೀಸ್ ಹಾಕ್ತಾಳ."

ನಮ್ಮ ಕಡೆ ಭಂಗಾರ ಎಂದರೆ ಗುಜರಿ. ಅಪ್ಪನ ಗಾಡಿ ಗುಜರಿಯವನ ತಕ್ಕಡಿಯಲ್ಲಿ ತೂಗುವುದನ್ನು ನೆನೆಸಿಕೊಂಡೆ.

"ಎಮ್ಮಿ ಕೊಟ್ಟಿಗಿ ಬಾಜೂಕಿನ ಖೋಲಿ ಕೊಡ್ರಿ ಮಾವಾ," ಅಂದೆ. "ಅಂಗಳ ನಿಮಗ ಬಿಟ್ಟಬಿಡ್ತೇನಿ." ಆ ಖೋಲಿಗೆ ರಸ್ತೆಯ ಕಡೆ ಬಾಗಿಲಿತ್ತು. ನಾಲ್ಕು ಗೊಬ್ಬರದ ಚೀಲ ಬಿಟ್ಟರೆ ಒಳಗೆ ಇಲಿ ಮಾತ್ರ ಇದ್ದವು.

"ಯಾಕ, ಗ್ಯಾರೇಜ್ ತೆಗಿತೀ ಏನು?"

"ಹೌದ್ರಿ."

ಮಾವ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಆ ನಗು ಕೆಟ್ಟದಿತ್ತು. "ನಿನ್ನ ಗಾಡಿ ನಮ್ಮ ಹಳ್ಳದ ದಿಬ್ಬಾ ಏರಂಗಿಲ್ಲ. ಮೊನ್ನಿ ಏನಾಯ್ತು, ಇಬ್ಬರೂ ಇಳದು ನೂಕಿದ್ರಿ. ತನ್ನ ಗಾಡಿ ಏರಸಲಾಕ ಬರಲಾರದಾಕಿ ಮಂದಿ ಗಾಡಿ ಮಾಡ್ತಾಳಂತ."

ಮಾತು ಸುಳ್ಳಾಗಿರಲಿಲ್ಲ. ನಮ್ಮ ಹೊಲಕ್ಕೆ ಹೋಗಬೇಕಾದರೆ ಹಳ್ಳ ದಾಟಿ, ಎದೆಗೆ ಬಡಿಯುವಂಥ ಕಡಿದಾದ ಒಂದು ದಿಬ್ಬ ಏರಬೇಕು. ಅಪ್ಪನ ಗಾಡಿಯ ಎಂಜಿನ್ ಸವೆದುಹೋಗಿತ್ತು.

"ಎಳ್ಳಮಾಸಿ ದಿನ ಬುತ್ತಿ ಹೇರಿಕೊಂಡು ಏರಿಸಿದ್ರ?" ಕೇಳಿದೆ. ಎಳ್ಳಮಾಸಿ ಅಂದರೆ ನಮ್ಮಲ್ಲಿ ಎಳ್ಳ ಅಮಾವಾಸ್ಯೆ, ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಬುತ್ತಿಯ ನೈವೇದ್ಯ, ಅಂದರೆ ಚರಗ, ಚೆಲ್ಲಿ, ಅಲ್ಲೇ ಉಣ್ಣುವ ದಿನ. ಅವತ್ತು ಆ ದಿಬ್ಬದ ಮೇಲೆ ಇಡೀ ಊರಿನ ಕಣ್ಣಿರುತ್ತದೆ.

"ಏರಿಸಿದ್ರ ಖೋಲಿ ನಿಂದು. ಏರಲಿಲ್ಲಂದ್ರ ಮರುದಿನ ಭಂಗಾರದವ ಬರ್ತಾನ."

"ಆಯ್ತ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಬುತ್ತಿ ಹಿಡಕೊಂಡು ಹಿಂದ ನಾ ಕುಂದರ್ತೇನಿ. ಚಕ್ಕಡಿಯಾಗ ಕುಂತು ನನ್ನ ಸೊಂಟ ಹೋಗ್ಯದ."

"ನೀ ಕುಂತ್ರ ಟ್ರ್ಯಾಕ್ಟರೂ ಏರಂಗಿಲ್ಲ," ಅಂದರು ಮಾವ.

"ನಲವತ್ತ ವರ್ಷ ಈ ಮನಿ ನಾ ಎಳದೇನಿ. ಒಂದಿನ ಅದು ನನ್ನ ಎಳೀಲಿ."

ಅತ್ತಿ ನನ್ನ ಪಕ್ಷ ವಹಿಸಿದರೋ, ಗಂಡನಿಗೆ ಎದುರಾಡುವ ಅವಕಾಶ ಬಿಡಲಿಲ್ಲವೋ, ನನಗೆ ಅವತ್ತು ತಿಳಿಯಲಿಲ್ಲ. ತೂಕ ಹೆಚ್ಚಾದದ್ದಂತೂ ಖರೆ.

ಬ್ಲಾಕು ಸವೆದಿತ್ತಲ್ಲ, ಅದನ್ನು ಬೋರ್ ಮಾಡಿಸಬೇಕಿತ್ತು, ಅಂದರೆ ಒಳಗೋಡೆ ಕೊರೆಸಿ ಸಮ ಮಾಡಿಸಬೇಕಿತ್ತು. ಅಪ್ಪ ನಂಬುತ್ತಿದ್ದ ಲೇಥಿನ ಚಾಚಾ ಇದ್ದದ್ದು ಜೇವರ್ಗಿಯಲ್ಲಿ. ಬ್ಲಾಕನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಬದಲಿಸಿ ಹೋದೆ. ಕಂಡಕ್ಟರ್ ಚೀಲ ಎತ್ತಿ ನೋಡಿ, "ಏನ್ರಿ ಅಕ್ಕಾರ, ಒಳಕಲ್ಲ ಒಯ್ಯಾಕತ್ತೀರೇನು?" ಅಂದ. ಹೌದಪ್ಪಾ, ಚಟ್ನಿ ಅರೀಲಾಕ, ಅಂದೆ.

ಚಾಚಾ ಕನ್ನಡಕ ಹಣೆಗೇರಿಸಿ ಬ್ಲಾಕನ್ನು ಬೆಳಕಿಗೆ ಹಿಡಿದರು. "ಬೇಟಿ, ಇದನ್ನ ಕೂಡಸವರು ಯಾರು?"

"ನಾನೇ ಚಾಚಾ."

"ಛಲೋ ಆಯ್ತು. ನನ್ನ ಕೈಯಾಗಿನ ಮಾಲ ಒಯ್ದು ಸುಟ್ಟು ತರೂ ಗಂಡಸರನ್ನ ಭಾಳ ನೋಡೇನಿ. ಹೆಂಗಸರು ಹ್ಯಾಂಗ ಸುಡ್ತಾರ, ಅದೂ ನೋಡೂಣು."

ಬೋರ್ ಮಾಡಿ, ಹೊಸ ಪಿಸ್ಟನ್ ಕೂಡಿಸಿ ತೋರಿಸಿದರು. ಕಿಂಡಿ ಮಾತ್ರ ಮುಟ್ಟಲಿಲ್ಲ. "ಅದು ನಿಮ್ಮ ಅಬ್ಬಾನ ಕೆಲಸ. ನಾ ಮಾಡಿದ್ರ ಅಂವ ಗೋರಿಯಿಂದ ಎದ್ದು ಬೈತಾನ."

ಮನೆಗೆ ಬಂದು ಟ್ರಂಕಿನಿಂದ ಅರ ತೆಗೆದೆ. ಬನಿಯನ್ನಿನ ಚಿಂದಿಯಲ್ಲಿ ಇನ್ನೂ ಶೆಡ್ಡಿನ ವಾಸನೆ ಇತ್ತು. ಅಡಿಗೆಮನೆಯಿಂದ ಎಳ್ಳು ತಂದೆ. ಕಿಂಡಿಯ ಅಂಚಿನ ಮೇಲೆ ಒಂದು ಕಾಳನ್ನು ಚೂಪು ಮೇಲೆ ಮಾಡಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಸೂಜಿಯ ಗೆರೆ ಎಳೆದೆ. ಮೂರು ಮಧ್ಯಾಹ್ನ ತಿಕ್ಕಿದೆ. ಪಿಸ್ಟನ್ನಿನ ರಿಂಗು ಸಿಕ್ಕಿಕೊಳ್ಳದಂತೆ ಅಂಚನ್ನು ನಯ ಮಾಡಿದೆ. ಅರ ಲೋಹದ ಮೇಲೆ ಆಡುವಾಗ ಬರುವ ಆ ಸಣ್ಣ ಸಪ್ಪಳ ಕೇಳುತ್ತ, ಅಪ್ಪ ಬಾಜೂಕೇ ಕುಳಿತಿದ್ದಾನೆ ಅನ್ನಿಸಿತು. ಅನ್ನಿಸಿದ್ದೇ ಬಂತು. ಕುಳಿತಿದ್ದರೆ ಕೈ ಹಿಡಿದು ತಡೆಯುತ್ತಿದ್ದ.

ಎಳ್ಳಮಾಸಿಗೆ ಇನ್ನೂ ಎರಡು ದಿನ ಇದ್ದಾಗ ಗಾಡಿ ಕೂಡಿಸಿ, ಒಬ್ಬಳೇ ದಿಬ್ಬಕ್ಕೆ ಹೋದೆ. ಸಪಾಟಿನಲ್ಲಿ ಗಾಡಿ ಎಂದೂ ಓಡದ ಓಟ ಓಡಿತು. ಮೊದಲು ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೇ ದೆವ್ವ ಹೊಕ್ಕ ಹಾಗೆ ಕಿರುಚಿಕೊಂಡು ಹಾರುತ್ತಿತ್ತು. ನನ್ನ ಎದೆ ಉಬ್ಬಿತು. ದಿಬ್ಬದ ಬುಡಕ್ಕೆ ಬಂದು ಗೇರ್ ಇಳಿಸಿದೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಕಿರುಚಾಟ ನರಳಾಟವಾಯಿತು. ಗಾಡಿ ನಿಂತೇಹೋಯಿತು. ನಾನೊಬ್ಬಳೇ ಇದ್ದೆ, ಬುತ್ತಿ ಇಲ್ಲ, ಅತ್ತಿ ಇಲ್ಲ. ಆದರೂ ನಿಂತಿತು.

ಕಡಲೆ ಹೊಲದಲ್ಲಿದ್ದವನೊಬ್ಬ ಕೂಗಿದ: "ಅಕ್ಕಾರ, ಎತ್ತು ಕಟ್ಟಲೇನ್ರಿ?"

"ನಿನ್ನ ಕಟ್ಟಿದ್ರ ಸಾಲಂಗಿಲ್ಲೇನೋ?" ಅಂದೆ. ಬಾಯಿ ಸೋಲಲಿಲ್ಲ, ಆದರೆ ಗಾಡಿ ತಿರುಗಿಸಿಕೊಂಡು ಮನೆಗೆ ಹೊರಟೆ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಮಾವ ನಗಲಿಲ್ಲ. ನನಗೆ ಕೇಳುವ ಹಾಗೆ ಭಂಗಾರದವನಿಗೆ ಫೋನ್ ಹಚ್ಚಿ, ಎಳ್ಳಮಾಸಿ ಮರುದಿನ ಬಿಡುವಿದೆಯೋ ಇಲ್ಲವೋ ವಿಚಾರಿಸಿದರು. ಬಿಡುವಿತ್ತಂತೆ.

ನಾನು ಅವ್ವನಿಗೆ ಫೋನ್ ಮಾಡಿದೆ.

"ಯವ್ವಾ, ಅಪ್ಪ ಬ್ಲಾಕಿಗೆ ಎಳ್ಳ ಹ್ಯಾಂಗ ಇಡ್ತಿದ್ದ?"

"ಹ್ಯಾಂಗಂದ್ರ? ನನ್ನ ಡಬ್ಬಿಯಾಗಿಂದು ಕಳವು ಮಾಡಿ ಇಡ್ತಿದ್ದ."

"ಅದಲ್ಲ ಬೇ. ನಿಲ್ಲಸ್ತಿದ್ನೋ, ಮಲಗಸ್ತಿದ್ನೋ?"

"ಮಲಗಸ್ತಿದ್ದ. ಉಗರಲೇ ಒತ್ತಿ. ನಾ ಬುತ್ತಿ ಒಯ್ದಾಗೆಲ್ಲ ನೋಡೇನಿ. ನೀ ನಿಲ್ಲಿಸಿದೇನು?"

"ಹೂಂ ಬೇ," ಅಂದೆ.

"ಇಷ್ಟ ವರ್ಷ ಬಾಜೂಕ ಕುಂತು ಏನ ನೋಡಿದಿ ಬೇ ನೀ?"

"ಅಪ್ಪನ ಮಾರಿ ನೋಡ್ತಿದ್ದೆ," ಅಂದೆ. ಅದೇ ಖರೆ. ತಿಕ್ಕುವಾಗ ಅವನು ನಾಲಿಗೆ ತುಟಿಯ ಮೂಲೆಗೆ ಹಾಕುತ್ತಿದ್ದ, ಅದು ನನಗೆ ನೆನಪಿತ್ತು. ಎಳ್ಳಿನ ಬಗ್ಗೆ ನೆನಪಿದ್ದದ್ದು ಅದರ ಎಣಿಕೆ ಮಾತ್ರ, ಒಂದು ಎಂದು. ಮಲಗಿಸಿದ ಎಳ್ಳಿನ ದಪ್ಪ ಉಗುರಿನ ಅಂಚಿನಷ್ಟು. ನಿಲ್ಲಿಸಿದರೆ ಅದರ ಮೂರರಷ್ಟು. ನಾನು ಮೂರು ಎಳ್ಳು ತಿಕ್ಕಿದ್ದೆ, ಮತ್ತು ತೆಗೆದ ಲೋಹ ಬೇವಿನ ಬುಡದ ಮಣ್ಣಿನಲ್ಲಿ ಬಿದ್ದಿತ್ತು.

ಸಂಜೆ ನಮ್ಮ ಮನೆಯವರು ಬಂದು ಎಲ್ಲ ಕೇಳಿ, "ಕಲಬುರಗಿಗೆ ಹೋಗಿ ಹಳೀ ಬ್ಲಾಕು ಒಂದು ಹುಡುಕಿ ತರ್ಲಿ?" ಅಂದರು. ಒಳ್ಳೆಯ ಮಾತು. ಬೇಡ ಅಂದೆ. ಬೇರೆ ಬ್ಲಾಕು ಹಾಕಿ ಏರಿಸಿದರೆ ಏರಿದ್ದು ಆ ಬ್ಲಾಕು. ನನಗೆ ಖೋಲಿ ಬೇಕಾಗಿದ್ದದ್ದು ನನ್ನ ಕೈಯ ಕೆಲಸದ ಮೇಲೆ. ಕೈ ತಪ್ಪು ಮಾಡಿದ್ದರೆ ಆ ತಪ್ಪನ್ನು ಹೊತ್ತುಕೊಂಡೇ ಏರಬೇಕು.

"ಮೊಂಡಾಟ," ಅಂದರು ಅವರು. ಅಂದು, ಅಂಗಿ ಕಳಚಿ, ನಟ್ಟು ಬಿಚ್ಚುವ ಪಾನಾ ಕೈಗೆ ಕೊಡಲು ಪಕ್ಕದಲ್ಲೇ ಕೂತರು. ಲಗ್ನವಾದ ಮೇಲೆ ಅವರು ಮನೆಯಲ್ಲಿ ಪಾನಾ ಮುಟ್ಟಿದ್ದು ಅದೇ ಮೊದಲು.

ಕಿಂಡಿಯನ್ನು ಇಳಿಸಲು ಬರುವುದಿಲ್ಲ. ಬ್ಲಾಕನ್ನೇ ಇಳಿಸಲು ಬರುತ್ತದೆ. ಬ್ಲಾಕಿನ ಕೆಳಗೆ ಅಪ್ಪನ ಕಾಲದ ಎರಡು ದಪ್ಪ ಗ್ಯಾಸ್ಕೆಟ್ಟು, ಅಂದರೆ ಸಂದು ಮುಚ್ಚುವ ಹಾಳೆ, ಒಂದರ ಮೇಲೊಂದು ಇದ್ದವು. ಎರಡನ್ನೂ ಕಿತ್ತೆ. ಅವುಗಳ ಜಾಗಕ್ಕೆ ಒಂದೇ ಒಂದು, ತೆಳ್ಳಗಿನದು ಬೇಕು. ತಂತಿಗೆ ಚುಚ್ಚಿ ತೂಗಹಾಕಿದ ಲಗ್ನಪತ್ರಿಕೆಗಳಲ್ಲಿ ಬೆರಳಾಡಿಸಿ, ದಪ್ಪವೂ ಅಲ್ಲದ ಗಾಳಿಗೆ ಹಾರುವಂಥದ್ದೂ ಅಲ್ಲದ ಒಂದನ್ನು ಆರಿಸಿ ಕತ್ತರಿಸಿದೆ. ಅದು ಮಾವನ ಅಕ್ಕನ ಮೊಮ್ಮಗನ ಲಗ್ನದ್ದು ಎಂದು ಆಮೇಲೆ ಗೊತ್ತಾಯಿತು.

ಬ್ಲಾಕು ಇಳಿದರೆ ಪಿಸ್ಟನ್ನಿನ ತಲೆ ಮೇಲಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಬಡಿಯುವ ಭಯ. ಅತ್ತಿ ಹೋಳಿಗೆಗೆ ಕಣಕ ನಾದುತ್ತಿದ್ದರು. ಹೋಗಿ ಗೋಲಿಯಷ್ಟು ಕೇಳಿದೆ.

"ಎದಕ್ಕ?"

"ಪಿಸ್ಟನಿಗ್ರಿ."

"ಅದಕ್ಕೂ ಎಳ್ಳ ಹೋಳಿಗಿ ಬೇಕಂತೇನು?" ಅನ್ನುತ್ತಲೇ ಚಿವುಟಿ ಕೊಟ್ಟರು.

ಕಣಕವನ್ನು ಪಿಸ್ಟನ್ನಿನ ಮೇಲಿಟ್ಟು, ಹೆಡ್ಡು ಬಿಗಿದು, ಕೈಯಿಂದ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ಕಣಕ ತೆಳ್ಳನೆಯ ಚಪಾತಿಯಾಗಿತ್ತು, ಹರಿದಿರಲಿಲ್ಲ. ಅಷ್ಟು ಸಂದು ಸಾಕು. ಕಡೆಗೆ ಹಿಂದಿನ ಗಾಲಿಯ ಚೈನಿನ ಚಕ್ರ ತೆಗೆದು, ಅಪ್ಪನ ಸಾಮಾನಿನಲ್ಲಿದ್ದ ಹೆಚ್ಚು ಹಲ್ಲಿನ ದೊಡ್ಡ ಚಕ್ರ ಹಾಕಿದೆ. ಓಟ ಕಡಿಮೆಯಾಗುತ್ತದೆ, ಆದರೆ ಎಂಜಿನ್ ಸುಮ್ಮನೆ ನರಳದೆ ಕಿರುಚುವ ಮಟ್ಟದಲ್ಲೇ ಉಳಿಯುತ್ತದೆ. ಈ ಗಾಡಿಗೆ ಕಿರುಚಿದರೇನೇ ಶಕ್ತಿ. ಇರಲಿ, ಕಿರುಚಲಿ. ಸುಮ್ಮನಿದ್ದು ಏರಿದವರನ್ನು ನಾನೂ ಕಂಡಿಲ್ಲ.

ಎಳ್ಳಮಾಸಿಯ ಬೆಳಿಗ್ಗೆ ಮಾವ ಮೊದಲೇ ಹೋಗಿ ದಿಬ್ಬದ ತುದಿಯಲ್ಲಿ ನಿಂತಿದ್ದರು. ಅತ್ತಿ ಇಳಕಲ್ ಸೀರೆಯುಟ್ಟು, ಬುತ್ತಿಯ ಗಂಟು ತೊಡೆಯ ಮೇಲೆ, ಅಂಬಲಿಯ ಗಡಿಗೆ ಕಂಕುಳಲ್ಲಿ, ಹಿಂದೆ ಕುಳಿತರು. ಗಾಡಿಯ ಹಿಂಭಾಗ ನಮಸ್ಕಾರ ಮಾಡಿದಂತೆ ಕುಗ್ಗಿತು.

ನಮ್ಮ ಮನೆಯವರು ಬಗ್ಗಿ, "ಕ್ಲಚ್ ಪೂರಾ ಬಿಡಬ್ಯಾಡ," ಅಂದರು.

"ನೀವು ನಿಮ್ಮ ಮಿಲ್ಲು ನೋಡ್ರಿ," ಅಂದೆ.

ಹಳ್ಳ ದಾಟಿ, ಕಿರುಚಿಸುತ್ತಲೇ ಏರಿದೆ. ಅರ್ಧ ದಾಟಿತು. ಮೊನ್ನೆ ನಿಂತ ಜಾಗ ಹಿಂದೆ ಬಿತ್ತು. ಆಗ ಮುಂದೆ ಹೋಗುತ್ತಿದ್ದ ಚಕ್ಕಡಿಯ ಎತ್ತೊಂದು ನನ್ನ ಗಾಡಿಯ ಸಪ್ಪಳಕ್ಕೆ ಬೆದರಿ ಅಡ್ಡ ತಿರುಗಿ ನಿಂತುಬಿಟ್ಟಿತು. ಬ್ರೇಕು ಹಿಡಿದೆ. ಎಂಜಿನ್ ಸತ್ತಿತು.

ನಿಂತಲ್ಲಿಂದ, ಆ ಏರಿನಲ್ಲಿ, ಆ ತೂಕ ಹೊತ್ತು ಆ ಬ್ಲಾಕು ಮತ್ತೆ ಹೊರಡುವುದಿಲ್ಲ. ಅದು ನನಗೆ ಗೊತ್ತಿತ್ತು.

"ಆಯ್ತಿಲ್ಲ?" ಮಾವ ಮೇಲಿನಿಂದ ಕೂಗಿದರು. "ಇಳೀರಿ, ನೂಕ್ರಿ."

"ಅತ್ತೀ, ನೀವು ಇಳಿಬ್ಯಾಡ್ರಿ," ಅಂದೆ.

"ಇಳಿಯಾಕಿ ಯಾರು?" ಅಂದರು ಅತ್ತಿ. ಆಮೇಲೆ ಕುತ್ತಿಗೆ ಎತ್ತಿ ಗಂಡನಿಗೆ: "ಏನಾಯ್ತು? ನಿಂತಿದ್ದು ಎತ್ತು. ಮೊದಲ ಹಾದಿ ಬಿಡಸ್ರಿ, ಆಮ್ಯಾಲ ಮಾತಾಡ್ರಿ."

ಬ್ರೇಕು ಅಷ್ಟಷ್ಟೇ ಬಿಡುತ್ತ ಹಿಂದಕ್ಕೆ ಜಾರಿ ಬುಡಕ್ಕೆ ಬಂದೆವು. ಊರಿನ ಅರ್ಧ ಮಂದಿ ಎರಡೂ ಬದಿಗೆ ನಿಂತಿದ್ದರು. ಯಾರೋ ಕಿಸಕ್ಕೆಂದರು. ಚಕ್ಕಡಿ ಸರಿಯುವ ತನಕ ಕಾದೆ. ಹಳ್ಳದ ಆಚೆಯ ದಡದ ತನಕ ಗಾಡಿ ಹಿಂದೆ ಒಯ್ದು, ಕಿಕ್ ಹೊಡೆದು, ಹ್ಯಾಂಡಲಿನ ಕಿವಿ ಇದ್ದಷ್ಟೂ ತಿರುವಿದೆ. ಆಮೇಲೆ ದಿಬ್ಬವನ್ನು ನಾನು ಸರಿಯಾಗಿ ನೋಡಲಿಲ್ಲ. ಸಪ್ಪಳ ಕೇಳುತ್ತಿದ್ದೆ. ಸಪ್ಪಳ ಇಳಿಯಿತೆಂದರೆ ಕೈ ಬಿಗಿ ಮಾಡುವುದು, ಅಷ್ಟೇ ಕೆಲಸ. ಅರ್ಧ ಬಂತು, ಎತ್ತು ನಿಂತ ಜಾಗ ಬಂತು, ಮಾವನ ಧೋತರ ಬಂತು, ಹೋಯಿತು. ಅಲ್ಲಿ ನಿಲ್ಲಿಸಲಿಲ್ಲ. ಜೋಳದ ಹೊಲದ ಬದುವಿನ ತನಕ ಹೊಡೆದೆ.

ಗಾಡಿ ನಿಂತಾಗ ತಿರುಗಿ ನೋಡಿದರೆ ಗಡಿಗೆಯ ಮುಚ್ಚಳ ಹಾರಿ ಹೋಗಿತ್ತು, ಅತ್ತಿ ಕೊರಳಿನಿಂದ ಸೊಂಟದ ತನಕ ಅಂಬಲಿಯಲ್ಲಿ ತೋಯ್ದಿದ್ದರು.

"ಈ ಸಲ ಚರಗ ನನ್ನ ಮ್ಯಾಲೇ ಚೆಲ್ಲಿದಿ," ಅಂದರು. "ಬೆಳಿ ಛಲೋ ಬರ್ತದ ನೋಡು ನಂದು."

ಮಾವ ಅವತ್ತು ಭಜ್ಜಿ, ಸಜ್ಜೆ ರೊಟ್ಟಿ, ಹೋಳಿಗೆ ಎಲ್ಲ ಉಂಡರು, ಖೋಲಿಯ ಮಾತು ಮಾತ್ರ ಎತ್ತಲಿಲ್ಲ. ಮರುದಿನ ಭಂಗಾರದವ ಬಂದ. ಅತ್ತಿ ಅವನಿಗೆ ಒಂದು ತೂತಿನ ಕೊಡ ಕೊಟ್ಟು ಕಳಿಸಿದರು. ಖೋಲಿಯ ಕೀಲಿ ಮಾವನ ಉಡದಾರದಲ್ಲೇ ಉಳಿಯಿತು. ಕೇಳಿದರೆ, "ಎರಡನೇ ಸಲಕ್ಕ ಏರಿದಿ, ಮೊದಲನೇ ಸಲಕ್ಕ ಅಲ್ಲ," ಎಂದರು. ಇನ್ನೊಮ್ಮೆ ಕೇಳಿದರೆ, "ಗೊಬ್ಬರದ ಚೀಲ ಎಲ್ಲಿಡ್ಲಿ?"

ನಾನು ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ಗಾಡಿಯನ್ನು ಆ ಖೋಲಿಯ ಬಾಗಿಲಿಗೆ ಹಿಂಭಾಗ ಮಾಡಿ ನಿಲ್ಲಿಸಿ ಚಾಲೂ ಮಾಡಿದೆ. ಹೊಸ ಪಿಸ್ಟನ್ನು, ಪಳಗಿಸಬೇಕಲ್ಲ. ಹೊಗೆ ಬಾಗಿಲ ಸಂದಿಯಿಂದ ಒಳಹೋಗಿ ಕಿಡಕಿಯಿಂದ ಹೊರಬರುತ್ತಿತ್ತು. ನಾಲ್ಕು ದಿನಕ್ಕೆ ಇಲಿಗಳು ಸಂಸಾರ ಕಟ್ಟಿಕೊಂಡು ಹೊರಟವು. ಎಂಟನೆಯ ದಿನ ಮಾವ ತಾವೇ ಚೀಲ ಹೊತ್ತು ಪಡಸಾಲೆಗೆ ಹಾಕಿದರು.

"ಈ ಹೊಗಿಗೆ ಎಮ್ಮಿ ಹಾಲ ಇಳಸವಲ್ದು," ಎಂದು ಕೀಲಿಯನ್ನು ನನ್ನ ಎದುರಿನ ಕಟ್ಟೆಯ ಮೇಲೆ ಇಟ್ಟರು. "ಎಮ್ಮಿ ಸಲುವಾಗಿ ಕೊಡಾಕತ್ತೇನಿ, ನಿನ್ನ ಸಲುವಾಗಿ ಅಲ್ಲ."

"ಎಮ್ಮಿಗೆ ಹೇಳ್ತೇನ್ರಿ ಮಾವಾ," ಅಂದೆ.

ಈಗ ಆ ಖೋಲಿಯಲ್ಲಿ ಕೂತಿದ್ದೇನೆ. ಗೂಡಿನಲ್ಲಿ ಒಂದು ಡಬ್ಬಿ ಎಳ್ಳಿದೆ. ಬಂದ ಬ್ಲಾಕಿಗೆಲ್ಲ ಎಳ್ಳು ಮಲಗಿಸಿಯೇ ಇಡುತ್ತೇನೆ. ನನ್ನ ಗಾಡಿಯ ಬ್ಲಾಕು ಮಾತ್ರ ಅದೇ ಇದೆ, ಕೆಳಗಿನ ಲಗ್ನಪತ್ರಿಕೆ ಮೂರು ಸಲ ಬದಲಾಗಿದೆ ಅಷ್ಟೇ. ಕೆಲಸ ಬಲ್ಲವರು ಬಂದು ಅದರ ಸಪ್ಪಳ ಕೇಳಿ, ತಲೆ ಓರೆ ಮಾಡಿ, "ಕಿಂಡಿ ಭಾಳ ಮ್ಯಾಲ ಹೋಗ್ಯದಲ್ರಿ ಅಕ್ಕಾರ," ಎನ್ನುತ್ತಾರೆ.

"ಗೊತ್ತದ," ಅನ್ನುತ್ತೇನೆ. "ದಿಬ್ಬ ಅಲ್ಲೇ ಅದ, ಬಾ, ನಿನ್ನ ಗಾಡೀನೂ ತಾ."